ಸೋಸುವ ಬಟ್ಟೆ, ಬೆರಳಿನ ಶಾಯಿ



ನೀವು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯವರಿರಲಿ, ಬೇರೆ ಊರಿನವರಿರಲಿ, ನೀರು ಸೋಸುವ ಬಟ್ಟೆಯನ್ನೂ ಮತ ಹಾಕಿ ಬಂದ ಹಿರಿಯರ ಬೆರಳಿನ ಶಾಯಿಯನ್ನೂ ನೋಡಿಯೇ ಇರುತ್ತೀರಿ. ಇವೆರಡೂ ಲೋಕದಲ್ಲಿ ಎಂಥ ಕೆಲಸ ಮಾಡಿವೆ, ಗಮನಿಸಿ.

ನಾರುಹುಣ್ಣು ಎಂಬ ರೋಗವಿದೆ. ಸೋಸದ ನೀರಿನೊಡನೆ ದೇಹ ಸೇರಿದ ಹುಳು ಸುಮಾರು ಒಂದು ವರ್ಷದ ಬಳಿಕ, ಹೆಚ್ಚಾಗಿ ಕಾಲಿನ ಚರ್ಮ ಸೀಳಿ ಹೊರಬರುತ್ತದೆ. ಇದಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಔಷಧಿಯಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಬೇಕು; ಹುಣ್ಣಾದವರು ಕೆರೆ, ಬಾವಿಗೆ ಇಳಿಯಬಾರದು. ಒಬ್ಬರು ಅಲಕ್ಷ್ಯ ಮಾಡಿದರೂ ಊರಿಗೆಲ್ಲ ಅಪಾಯ. ಕರ್ನಾಟಕವನ್ನೂ ಕಾಡಿದ್ದ ಈ ರೋಗದಿಂದ ಭಾರತ ಮುಕ್ತವಾಯಿತೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಆಫ್ರಿಕದಲ್ಲಿ ಈ ಹೋರಾಟಕ್ಕೆ ಹೆಗಲು ಕೊಟ್ಟದ್ದು ಲಾಭದ ಉದ್ದೇಶವಿಲ್ಲದ ಕಾರ್ಟರ್ ಕೇಂದ್ರ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ಪತ್ನಿ ರೋಸಲಿನ್ ಇದನ್ನು 1982ರಲ್ಲಿ ಸ್ಥಾಪಿಸಿದರು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರನ್ನು ಬಾಧಿಸಿದ ರೋಗ 2024ರಲ್ಲಿ 15 ಜನರಲ್ಲಿ ಮಾತ್ರ ಕಂಡಿತು.

ಇದೇ ಸಂಸ್ಥೆ ಚುನಾವಣೆಗಳಿಗೂ ವೀಕ್ಷಕರನ್ನು ಕಳುಹಿಸುತ್ತದೆ. 1989ರಲ್ಲಿ ಪನಾಮಾದ ಮತ ಎಣಿಕೆಯಲ್ಲಿ ನಡೆದ ಮೋಸವನ್ನು ಕಾರ್ಟರ್ ಅಲ್ಲಿಯೇ ನಿಂತು ಖಂಡಿಸಿದರು. ಒಬ್ಬರು ಎರಡು ಸಲ ಮತ ಹಾಕದಂತೆ ತಡೆಯುವ ಅಳಿಸಲಾಗದ ಶಾಯಿಯನ್ನು ನಮ್ಮ ಮೈಸೂರಿನ ಸರ್ಕಾರಿ ಕಾರ್ಖಾನೆ ಹಲವು ದೇಶಗಳಿಗೆ ಕಳುಹಿಸಿದೆ.

ಆದರೆ ಹೊರಗಿನವರು ಬಟ್ಟೆ ಕೊಡಬಹುದು. ಪ್ರತಿ ಕೊಡ ನೀರನ್ನೂ ಸೋಸಬೇಕಾದವರು ಮನೆಯವರೇ. ವೀಕ್ಷಕರು ಸಾಕ್ಷಿಯಾಗಬಹುದು, ಮತ ಹಾಕಬೇಕಾದವರು ಊರಿನವರೇ. ನಿಮಗೆ 18 ತುಂಬಿದಾಗ ಈ ಮಾತು ನೆನಪಿರಲಿ. ಅಲ್ಲಿಯವರೆಗೆ, ಮನೆಯ ಕುಡಿಯುವ ನೀರಿನ ಹೊಣೆ ನಿಮ್ಮದಾಗಲಿ.