ಚೂನಾಭಟ್ಟಿ ಸ್ಟೇಷನ್ನೂ ನಮ್ಮೂರ ಸುಣ್ಣದ ಗೂಡೂ



ಮುಂಬೈನಲ್ಲಿ ಇರೋರಿಗೆ ಹಾರ್ಬರ್ ಲೈನ್ ಗೊತ್ತೇ ಇರುತ್ತೆ. ಸಿಎಸ್‌ಎಂಟಿ ಕಡೆ ಹೋಗುವಾಗ ಕುರ್ಲಾ ಆದಮೇಲೆ ಬರೋದು ಚೂನಾಭಟ್ಟಿ. ಆರು ವರ್ಷ ಆ ಬೋರ್ಡ್ ನೋಡಿಕೊಂಡೇ ಆಫೀಸಿಗೆ ಹೋಗಿದ್ದೀನಿ, ಅರ್ಥ ಹೊಳೆದಿರಲಿಲ್ಲ. ಚೂನಾ ಅಂದ್ರೆ ಸುಣ್ಣ, ಭಟ್ಟಿ ಅಂದ್ರೆ ಗೂಡು. ಕುಮಟಾ ಹತ್ತಿರ ನಮ್ಮೂರಲ್ಲಿ ಪಾಳುಬಿದ್ದಿದೆಯಲ್ಲ, ಅದೇ ಸುಣ್ಣದ ಗೂಡು!

ಬಯಲುಸೀಮೆಯಲ್ಲಿ ಸುಣ್ಣದ ಕಲ್ಲು ಸುಡ್ತಾರೆ, ನಮ್ಮ ಕಡೆ ಹೊಳೆಯಲ್ಲಿ ಸಿಗೋ ಬಳಚಿನ ಚಿಪ್ಪು. ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪು ಹಾಕಿ ಸುಮಾರು 900 ಡಿಗ್ರಿಗೆ ಸುಡಬೇಕು. ಶುದ್ಧವಾದ 100 ಕೆಜಿ ಕಲ್ಲು ಸುಟ್ಟರೆ ಸಿಗೋ ಸುಣ್ಣ 56 ಕೆಜಿ. ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಅನಿಲ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತೆ.

ಒಂದು ಗೂಡು ಉರಿದರೆ ಎಷ್ಟು ಮನೆಯ ಒಲೆ ಉರೀತಿತ್ತು ನೋಡಿ. ಚಿಪ್ಪು ಆಯೋರು, ಸೌದೆ ಕಡಿಯೋರು, ಗಾಡಿ ಹೊಡೆಯೋರು, ಗಾರೆ ಅರೆಯೋರು. ಎಲೆಅಡಿಕೆಗೆ ಸುಣ್ಣ. ಚರ್ಮ ಹದ ಮಾಡೋಕೆ ಸುಣ್ಣ. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗೋಕೆ ಸುಣ್ಣ. ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದಲ್ಲೂ ಮೈಲುತುತ್ತದ ಜತೆ ಸುಣ್ಣ. ಸುಲಭದ ಕೆಲಸ ಆಗಿರಲಿಲ್ಲ. ಕೈ ಸುಡೋದು, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಸಿಮೆಂಟ್ ಚೀಲ ಬಂತು, ಗೂಡು ಆರಿತು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾನೊಂದು ತಪ್ಪು ಮಾಡಿದೆ. ಊರಿನ ಹಳೇ ಮನೆ ಗೋಡೆ ತೇವ ಅಂತ ಅಪ್ಪ ಅಂದಾಗ ಇಲ್ಲಿಂದಲೇ ದುಡ್ಡು ಹಾಕಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ಮುಂದಿನ ಮಳೆಗಾಲಕ್ಕೆ ಅದು ಉಬ್ಬಿ ಕಳಚಿ ಬಿತ್ತು. ಸುಣ್ಣದ ಗಾರೆ ಒಳಗಿನ ತೇವವನ್ನ ಹೊರಗೆ ಬಿಡುತ್ತೆ, ಸಿಮೆಂಟ್ ತಡೆದು ಒಳಗೇ ಕೂಡಿಹಾಕುತ್ತೆ. ಅಪ್ಪ ಬೈಯಲಿಲ್ಲ. “ತಮಾ, ಗೋಡೆಗೆ ಉಸಿರು ಕಟ್ಟಿತ್ತು” ಅಂದರು, ಅಷ್ಟೇ.

ಈಗ ಅದನ್ನ ಕೆತ್ತಿಸಿ ಸುಣ್ಣದ ಗಾರೆ ಹಾಕಿಸ್ತಿದ್ದೀವಿ. ಸುಣ್ಣ ಬೇಗ ಸಿಕ್ತು. ಗಾರೆಯ ಹದ ಬಲ್ಲ ಕೈ ಸಿಗೋಕೆ ಮೂರು ತಿಂಗಳು ಬೇಕಾಯ್ತು.

ನಿಮ್ಮೂರಲ್ಲೂ ಅಜ್ಜನ ಕಾಲದ ಮನೆ ಇದ್ದರೆ, ದುಡ್ಡು ಕಳಿಸೋ ಮೊದಲು ಒಂದು ಫೋನ್ ಮಾಡಿ. ಗೋಡೆ ಯಾವುದರದ್ದು ಅಂತ ಕೇಳಿ. ಸುಣ್ಣದ್ದಾದರೆ, ಆ ಕೆಲಸ ಬಲ್ಲವರು ಇನ್ನೂ ಯಾರಿದ್ದಾರೆ ಅಂತಲೂ ಕೇಳಿ.