ಬೆಲೆಯಿಲ್ಲದೆ ದೊರೆಯುವ ಒಂದು ಗ್ರಂಥಾಲಯ

(ಸಂಘದ ಉಚಿತ ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ದಪ್ಪ ರಟ್ಟಿನ ರಿಜಿಸ್ಟರಿನಿಂದ ಗಣಕಯಂತ್ರಕ್ಕೆ ಏರಿಸಬೇಕೆಂದು ತರುಣ ಸದಸ್ಯರು ಕೆಲಕಾಲದಿಂದ ಒತ್ತಾಯಿಸುತ್ತಿದ್ದಾರೆ. ಏರಿಸುವುದು ದೊಡ್ಡ ಮಾತಲ್ಲ. ಏರಿಸಿದ್ದನ್ನು ಬೇಕೆಂದಾಗ ಹುಡುಕಿ ತೆಗೆಯುವ ಸಾಧನ ಯಾವುದು, ಆ ಸಾಧನವನ್ನು ಕಾಪಾಡುವವರು ಯಾರು ಎಂಬುದೇ ಪ್ರಶ್ನೆ. ಆದುದರಿಂದ ಈ ಸಂಜೆ ಲಿಬ್‌ಎಕ್ಸ್‌ಎಂಎಲ್2 ಎಂಬ ಮುಕ್ತ ತಂತ್ರಾಂಶದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಗ್ರಂಥಾಲಯವೆಂದೊಡನೆ ತಮಗೆ ಕಪಾಟು, ಉದ್ದನೆಯ ಮೇಜು, ‘ಗದ್ದಲ ಮಾಡಬಾರದು’ ಎಂಬ ಹಲಗೆ ಇವೆಲ್ಲ ನೆನಪಿಗೆ ಬರುವುದು ಸಹಜ. ಗಣಕದವರು ಲೈಬ್ರರಿ ಎನ್ನುವುದು ಇದನ್ನಲ್ಲ. ಒಬ್ಬರು ಒಮ್ಮೆ ಶ್ರಮಪಟ್ಟು ಬರೆದ ಸಂಕೇತವನ್ನು ಇತರರು ತಮ್ಮ ತಂತ್ರಾಂಶಗಳಲ್ಲಿ ಎರವಲಾಗಿ ಬಳಸಿಕೊಳ್ಳುವಂತೆ ಕಟ್ಟಿಟ್ಟ ಗಂಟಿಗೆ ಆ ಹೆಸರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಅಪ್ಪಣೆಯಿದ್ದರೆ ಅದು ಮುಕ್ತ. ಲಿಬ್‌ಎಕ್ಸ್‌ಎಂಎಲ್2ಕ್ಕೆ ಎಂಐಟಿ ಪರವಾನಗಿ ಇದೆ. ಎರವಲು ಪಡೆದವರು ಹಿಂದಿರುಗಿಸಬೇಕಾಗಿಲ್ಲ, ತಡವಾದರೆ ದಂಡವೂ ಇಲ್ಲ. ನಮ್ಮ ಕಾರ್ಯದರ್ಶಿಗಳಿಗೆ ಈ ಏರ್ಪಾಡು ಅಷ್ಟಾಗಿ ಹಿಡಿಸಲಾರದು.

ಎಕ್ಸ್‌ಎಂಎಲ್ ಎಂಬುದು ವಿಷಯವನ್ನು ಹೆಸರಿನ ಚೀಟಿ ಅಂಟಿಸಿ ಬರೆದಿಡುವ ಪದ್ಧತಿ. 1998ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಅದನ್ನು ಪ್ರಕಟಿಸಿತು. ಚೀಟಿಯ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟುಪಾಡಿಲ್ಲ. ‘ಪುಸ್ತಕ’ ಎಂಬ ಚೀಟಿಯೊಳಗೆ ‘ಶೀರ್ಷಿಕೆ’, ‘ಲೇಖಕ’, ‘ವರ್ಷ’ ಎಂಬ ಚೀಟಿಗಳನ್ನು ಅಚ್ಚಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಯಂತ್ರ ಅದನ್ನು ಒಪ್ಪುತ್ತದೆ.

ಹೀಗೆ ಬರೆದಿಟ್ಟುದರಲ್ಲಿ ಪ್ರಶ್ನೆ ಕೇಳುವ ಭಾಷೆ ಎಕ್ಸ್‌ಪಾತ್. ಅದರ ಮೊದಲ ಆವೃತ್ತಿ 1999ರ ನವೆಂಬರಿನಲ್ಲಿ ಹೊರಬಂದಿತು. ಇಡೀ ಕಡತವನ್ನು ಒಂದು ವಂಶವೃಕ್ಷವೆಂದು ಅದು ಭಾವಿಸುತ್ತದೆ. ತಾಯಿಬೇರಿನಿಂದ ಮಕ್ಕಳು, ಮೊಮ್ಮಕ್ಕಳು. ಎಲೆಯಿಂದ ಹಿಂದಕ್ಕೆ ಹೊರಟರೆ ಹೆತ್ತವರು, ಪೂರ್ವಜರು. ಒಂದೇ ಮನೆಯ ಮಕ್ಕಳಲ್ಲಿ ಮೊದಲು ಬಂದವರು, ಆಮೇಲೆ ಬಂದವರು ಎಂಬ ಭೇದವೂ ಉಂಟು. ಇಂಗ್ಲಿಷಿನವರು ‘ಹಿಂದಿನ ಒಡಹುಟ್ಟು’, ‘ಮುಂದಿನ ಒಡಹುಟ್ಟು’ ಎಂದು ಎರಡೆರಡು ಪದ ಕೂಡಿಸಿ ಹೇಳುವುದನ್ನು ನಾವು ಅಣ್ಣ, ತಮ್ಮ ಎಂದು ಮುಗಿಸಿಬಿಡುತ್ತೇವೆ. ಇಂತಹ ದಿಕ್ಕುಗಳು ಒಟ್ಟು 13. ಉದಾಹರಣೆಗೆ,

//ಪುಸ್ತಕ[ವರ್ಷ=1956]/ಶೀರ್ಷಿಕೆ

ಎಂದು ಬರೆದರೆ, ‘1956ರಲ್ಲಿ ಅಚ್ಚಾದ ಪುಸ್ತಕಗಳೆಲ್ಲ ಎಲ್ಲಿದ್ದರೂ ಸರಿ, ಅವುಗಳ ಶೀರ್ಷಿಕೆಗಳನ್ನು ಕೊಡು’ ಎಂದು ಅರ್ಥ. ಈ ಪ್ರಶ್ನೆಯನ್ನು ಓದಿ, ಮರವನ್ನು ಹತ್ತಿಳಿದು, ಉತ್ತರ ತಂದುಕೊಡುವ ಆಳೇ ಲಿಬ್‌ಎಕ್ಸ್‌ಎಂಎಲ್2. ಅದರೊಡನೆಯೇ ಬರುವ ಎಕ್ಸ್‌ಎಂಎಲ್‌ಲಿಂಟ್ ಎಂಬ ಚಿಕ್ಕ ಉಪಕರಣದಿಂದ, ತಂತ್ರಾಂಶ ಬರೆಯಲು ಬಾರದವರೂ ಇಂತಹ ಪ್ರಶ್ನೆ ಕೇಳಬಹುದು.

ಕನ್ನಡಿಗರಾದ ನಾವು ಎಚ್ಚರದಿಂದಿರಬೇಕಾದ ಸಂಗತಿ ಒಂದಿದೆ. ‘ಕೊ’ ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಒತ್ವವನ್ನು ಒಂದೇ ಚಿಹ್ನೆಯಾಗಿ ಇಡುವುದು ಒಂದು ಬಗೆ, ಎತ್ವ, ಊತ್ವಗಳ ಎರಡು ಚಿಹ್ನೆಗಳನ್ನು ಒಂದರ ಮುಂದೊಂದು ಇಡುವುದು ಇನ್ನೊಂದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಎಕ್ಸ್‌ಪಾತ್ ಕಣ್ಣಿನಿಂದ ನೋಡುವುದಿಲ್ಲ, ಸಂಖ್ಯೆಗೆ ಸಂಖ್ಯೆ ಹೋಲಿಸುತ್ತದೆ. ಒಬ್ಬ ಸದಸ್ಯರು ಒಂದು ಬಗೆಯಲ್ಲಿ ಬರೆದ ಹೆಸರನ್ನು ಮತ್ತೊಬ್ಬರು ಇನ್ನೊಂದು ಬಗೆಯಲ್ಲಿ ಹುಡುಕಿದರೆ, ಪುಸ್ತಕ ಕಪಾಟಿನಲ್ಲಿದ್ದರೂ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಕೀ, ಕೇ, ಕೋ ಮುಂತಾದವುಗಳಿಗೂ ಇದೇ ತೊಂದರೆ. ಪಟ್ಟಿಯನ್ನು ಏರಿಸುವಾಗಲೇ ಎಲ್ಲವನ್ನೂ ಕೂಡಿದ ರೂಪಕ್ಕೆ ತಂದು, ಹುಡುಕುವ ಮಾತನ್ನೂ ಅದೇ ರೂಪಕ್ಕೆ ತಂದುಕೊಳ್ಳುವುದೇ ಇದಕ್ಕೆ ಪರಿಹಾರ. ಲೈಬ್ರರಿ ತಾನಾಗಿ ಆ ಕೆಲಸ ಮಾಡುವುದಿಲ್ಲ; ಅದು ನಮ್ಮ ಪಾಲಿನದು.

ಇನ್ನು ಕಾಪಾಡುವವರ ಮಾತು. ಲಿಬ್‌ಎಕ್ಸ್‌ಎಂಎಲ್ ಅನ್ನು ಗ್ನೋಮ್ ಯೋಜನೆಗಾಗಿ ಆರಂಭಿಸಿದವರು ದಾನಿಯೆಲ್ ವೆಯಾರ್. ಮುಂದೆ ಅದು ಆಪಲ್, ಗೂಗಲ್‌ಗಳಂತಹ ಭಾರಿ ಕಂಪೆನಿಗಳ ತಂತ್ರಾಂಶಗಳ ಒಳಗೂ ಸೇರಿತು. ಹೊರಗಿನಿಂದ ಬಂದ ಕಡತವನ್ನು ಮೊದಲು ಮುಟ್ಟುವುದು ಇದೇ ಆದುದರಿಂದ ಕಿಡಿಗೇಡಿಗಳ ಕಣ್ಣು ಇದರ ಮೇಲೆ. ‘ಶತಕೋಟಿ ನಗೆ’ ಎಂಬುದೊಂದು ಹಳೆಯ ಕುಚೋದ್ಯ: ಒಂದು ಮಾತಿಗೆ ಸಂಕ್ಷಿಪ್ತ ಹೆಸರು ಕೊಟ್ಟು, ಆ ಹೆಸರನ್ನು ಹತ್ತು ಸಲ ಬರೆದು ಇನ್ನೊಂದು ಹೆಸರು ಕಟ್ಟಿ, ಹೀಗೆ ಒಂಬತ್ತು ಮೆಟ್ಟಿಲು ಹತ್ತಿದರೆ, ಒಂದು ಪುಟವೂ ತುಂಬದ ಕಡತ ಬಿಚ್ಚಿಕೊಳ್ಳುವಾಗ 100 ಕೋಟಿ ಮಾತಾಗಿ ಯಂತ್ರವನ್ನು ಉಸಿರುಕಟ್ಟಿಸುತ್ತದೆ. ಇಂತಹವನ್ನು ತಡೆಯುವ ಸಂಕೇತವನ್ನು ಯಾರಾದರೂ ಕುಳಿತು ಬರೆಯಬೇಕು, ಪರೀಕ್ಷಿಸಬೇಕು.

ಹಲವು ವರ್ಷ ಆ ಭಾರ ಬಹುಮಟ್ಟಿಗೆ ನಿಕ್ ವೆಲ್ನ್‌ಹೋಫರ್ ಎಂಬ ಸ್ವಯಂಸೇವಕರ ಮೇಲಿತ್ತು. ಹೊರಗಿನವರು ವರದಿ ಮಾಡುವ ಭದ್ರತಾ ದೋಷಗಳಿಗಾಗಿ ವಾರಕ್ಕೆ ಹಲವು ಗಂಟೆ ಹೋಗುತ್ತಿದೆ, ಸಂಬಳವಿಲ್ಲದ ಒಬ್ಬರಿಂದ ಇದು ಬಹುಕಾಲ ಸಾಗದು ಎಂದು 2025ರ ಜೂನ್‌ನಲ್ಲಿ ಅವರು ಬಹಿರಂಗವಾಗಿ ತಿಳಿಸಿದರು. ಇನ್ನು ಮೇಲೆ ಆ ದೋಷಗಳನ್ನು ಬೇರೆ ದೋಷಗಳಂತೆಯೇ, ಬಿಡುವಾದಾಗ ನೋಡುವುದಾಗಿ ಹೇಳಿದರು. ಅದೇ ವರ್ಷ ಹೊಣೆಯನ್ನೇ ಬಿಟ್ಟರು. ದೋಷ ಹುಡುಕಿ ಪಟ್ಟಿ ಕಳುಹಿಸಲು ಜನ ಧಾರಾಳವಾಗಿದ್ದರು. ತಿದ್ದಿ ಕಳುಹಿಸುವವರು ವಿರಳ. ವಾಚನಾಲಯದ ದೀಪ ಕೆಟ್ಟಿದೆಯೆಂದು ಸಲಹಾಪುಸ್ತಕದಲ್ಲಿ ಬರೆಯುವವರೆಷ್ಟು, ಏಣಿ ತರುವವರೆಷ್ಟು ಎಂಬುದು ತಮಗೆ ತಿಳಿದದ್ದೇ. ಕೋಟಿಗಟ್ಟಲೆ ಲಾಭವಿರುವ ಕಂಪೆನಿಗಳು ಇಂತಹ ಕೆಲಸಕ್ಕೆ ಒಬ್ಬಿಬ್ಬರ ಸಂಬಳವನ್ನಾದರೂ ಹೊರುವುದು ನ್ಯಾಯವೆಂದು ನಮ್ಮ ಮತ.

ಹಾಗಾದರೆ ನಾವು ಇದನ್ನು ನಂಬಬಹುದೇ ಎಂದು ತಾವು ಕೇಳಬಹುದು. ನಂಬಬಹುದು, ಏಕೆಂದರೆ ಎಕ್ಸ್‌ಎಂಎಲ್ ಕಡತ ಬರಿಯ ಅಕ್ಷರಗಳ ಕಡತ. ನಾಳೆ ಈ ಲೈಬ್ರರಿ ನಿಂತರೂ ಬೇರೊಂದು ಅದನ್ನು ಓದುತ್ತದೆ, ಯಾವುದೂ ಇಲ್ಲದಿದ್ದರೆ ನಾವೇ ಕಣ್ಣಿನಿಂದ ಓದಬಹುದು. ಮೊದಲ ಕಪಾಟಿನ ಪುಸ್ತಕಗಳಿಂದ ಆರಂಭಿಸೋಣ. ಬರುವ ಭಾನುವಾರ ಬೆಳಿಗ್ಗೆ ಟೈಪು ಬಲ್ಲವರು ಇಬ್ಬರು, ಹೆಸರುಗಳನ್ನು ತಾಳೆನೋಡುವವರು ಇಬ್ಬರು ಬಂದರೆ ಸಾಕು. ರಿಜಿಸ್ಟರನ್ನು ಮಾತ್ರ ಯಾರೂ ರದ್ದಿಗೆ ಹಾಕಬಾರದೆಂದು ವಿನಂತಿ.