ಅಂಜಿಕೆ ಮತ್ತು ಎಚ್ಚರ

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗಕ್ಕೆ ನಮ್ಮ ದೇಶದ ಮೊದಲ ಬಲಿಯಾದವರು ಕಲಬುರಗಿಯ ವೃದ್ಧರೊಬ್ಬರು. ಆ ಸುದ್ದಿಯ ಬೆನ್ನಿಗೇ ಇನ್ನೊಂದು ಮಾತೂ ಬಂದಿತು: ಅವರಿಗೆ ಮೊದಲಿನಿಂದಲೂ ರಕ್ತದ ಒತ್ತಡ ಮತ್ತು ಆಸ್ತಮಾ ಇದ್ದವು. ಅಲ್ಲಿಂದಾಚೆಗೆ ಸಾವಿನ ವಾರ್ತೆಗಳೊಡನೆ ಇಂಥ ವಾಕ್ಯವನ್ನು ನಾವು ಮತ್ತೆ ಮತ್ತೆ ಕೇಳಿದೆವು: ಮೃತರು ಮೊದಲೇ ಇತರ ಕಾಯಿಲೆಗಳಿಂದ ಬಳಲುತ್ತಿದ್ದರು.

ಆರೋಗ್ಯವಂತರಿಗೆ ಇದು ಸಮಾಧಾನದ ಮಾತಾಗಿತ್ತು. ತಮಗೆ ಅಂಥದೇನೂ ಇಲ್ಲವಲ್ಲ ಎಂದು ಅವರು ನಿಟ್ಟುಸಿರುಬಿಟ್ಟರು. ಆದರೆ ಅದೇ ಮನೆಯ ಒಳಕೋಣೆಯಲ್ಲಿ ಕುಳಿತು ಅದೇ ವಾರ್ತೆಯನ್ನು ಕೇಳುತ್ತಿದ್ದ ಮಧುಮೇಹಿಯ, ಹೃದ್ರೋಗಿಯ, ಮೂತ್ರಪಿಂಡದ ವ್ಯಾಧಿಯವನ ಮನಸ್ಸು ಏನೆಂದುಕೊಂಡಿತು? ಅದನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ. ನಾನು ವೈದ್ಯನಲ್ಲ; 18 ವರ್ಷಗಳಿಂದ ಸಕ್ಕರೆ ಕಾಯಿಲೆಯೊಡನೆ ಸಂಸಾರ ಮಾಡುತ್ತಿರುವವನು.

ಅಂಜಿಕೆ ನನ್ನಿಂದ ಮಾಡಿಸಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಬೆಳಗಿನ ನಡಿಗೆ ನಿಂತಿತು. ಮೂರು ತಿಂಗಳಿಗೊಮ್ಮೆ ಮಾಡಿಸುತ್ತಿದ್ದ ರಕ್ತಪರೀಕ್ಷೆ ಒಂಬತ್ತು ತಿಂಗಳು ನಡೆಯಲಿಲ್ಲ. ಶುಂಠಿ, ಮೆಣಸು, ಅಮೃತಬಳ್ಳಿಯ ಕಷಾಯವನ್ನು ದಿನಕ್ಕೆ ಮೂರು ಹೊತ್ತು ಕುಡಿದೆ. ಅದಕ್ಕೆ ಬೆಲ್ಲ ಬೆರೆಸುತ್ತಾರೆಂಬುದು ತಿಳಿದಿದ್ದರೂ ಕುಡಿದೆ. ಕೊನೆಗೊಂದು ದಿನ ಧೈರ್ಯಮಾಡಿ ಹೋದಾಗ ವೈದ್ಯರು ಪರೀಕ್ಷೆಯ ಚೀಟಿಯನ್ನು ನೋಡಿ, "ಇನ್ನೂ ಬಾರದ ರೋಗಕ್ಕೆ ಹೆದರಿ ಬಂದಿರುವ ರೋಗವನ್ನು ಮರೆತಿರಲ್ಲ ಸ್ವಾಮಿ" ಎಂದರು. ನಾನು ತಲೆತಗ್ಗಿಸಿದೆ.

ನನ್ನದು ಅಲ್ಲಿಗೆ ಮುಗಿಯಿತು. ನಮ್ಮ ಬೀದಿಯ ಹಿರಿಯ ಮೇಷ್ಟರೊಬ್ಬರ ಕಥೆ ಹಾಗೆ ಮುಗಿಯಲಿಲ್ಲ. ರಕ್ತದ ಒತ್ತಡಕ್ಕೆ ನುಂಗುವ ಕೆಲವು ಮಾತ್ರೆಗಳು ಕೊರೋನಾಕ್ಕೆ ಬಾಗಿಲು ತೆರೆದುಕೊಡುತ್ತವೆ ಎಂದು ಯಾರೋ ಅವರಿಗೆ ಹೇಳಿದ್ದರು. ಅವರು ಯಾರನ್ನೂ ಕೇಳದೆ, ಮನೆಯವರಿಗೂ ತಿಳಿಸದೆ ಮಾತ್ರೆಯನ್ನು ಬಿಟ್ಟರು. ಎರಡು ತಿಂಗಳು ಕಳೆಯುವುದರೊಳಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಅವರಿಗೆ ಕೊರೋನಾ ತಗುಲಲೇ ಇಲ್ಲ. "ಬಾಗಿಲು ಹಾಕಿಕೊಂಡೇ ಇದ್ದೆವಲ್ಲ, ಇದು ಯಾವ ಕಡೆಯಿಂದ ಬಂತು?" ಎಂದು ಅವರ ಪತ್ನಿ ನನ್ನನ್ನು ಕೇಳಿದಾಗ ಉತ್ತರ ಹೇಳುವ ಮನಸ್ಸಾಗಲಿಲ್ಲ.

ಆ ವದಂತಿಗೆ ಬುಡವೇ ಇರಲಿಲ್ಲವೆಂದಲ್ಲ. ಕೊರೋನಾ ವೈರಸ್ಸು ನಮ್ಮ ಜೀವಕೋಶಗಳ ಮೇಲಿರುವ ಎಸಿಇ-2 ಎಂಬ ಪ್ರೋಟೀನನ್ನು ಹಿಡಿದು ಒಳಹೊಗುತ್ತದೆ. ಕೆಲವು ಒತ್ತಡದ ಮಾತ್ರೆಗಳು ಆ ಪ್ರೋಟೀನನ್ನು ಹೆಚ್ಚಿಸಬಹುದೇ ಎಂದು ವಿಜ್ಞಾನಿಗಳು ಶಂಕಿಸಿದ್ದುಂಟು. ಆದರೆ 2020ರ ಮಾರ್ಚ್ ಮಧ್ಯದ ವೇಳೆಗೇ ಯೂರೋಪಿನ ಹೃದ್ರೋಗ ತಜ್ಞರ ಸಂಘವು ಮಾತ್ರೆಗಳನ್ನು ನಿಲ್ಲಿಸಕೂಡದೆಂದು ಸ್ಪಷ್ಟವಾಗಿ ತಿಳಿಸಿತು. ಅನಂತರದ ಪರೀಕ್ಷೆಗಳಲ್ಲಿಯೂ ನಿಲ್ಲಿಸಿದ್ದರಿಂದ ಲಾಭವೇನೂ ಕಂಡುಬರಲಿಲ್ಲ. ಶಂಕೆ ನಮ್ಮ ಬೀದಿಯವರೆಗೆ ಬಂದಿತು, ಸಮಾಧಾನ ಬರಲಿಲ್ಲ. ಅರ್ಧ ತಿಳಿವಳಿಕೆಯ ಸ್ವಭಾವವೇ ಹೀಗೆ.

ಹಾಗಾದರೆ ರೋಗಿಗೆ ತಲುಪಬೇಕಾಗಿದ್ದ ಉಳಿದರ್ಧ ಯಾವುದು? ಮಧುಮೇಹವಿದ್ದ ಮಾತ್ರಕ್ಕೆ ಸೋಂಕು ತಾನಾಗಿ ಹುಡುಕಿಕೊಂಡು ಬರುವುದಿಲ್ಲ. ಬಂದರೆ ಉಲ್ಬಣಿಸುವ ಸಂಭವ ಹೆಚ್ಚು. ಸಕ್ಕರೆಯೂ ಒತ್ತಡವೂ ಹತೋಟಿಯಲ್ಲಿದ್ದಷ್ಟೂ ಆ ಅಪಾಯ ತಗ್ಗುತ್ತದೆ. ಎಂದಮೇಲೆ ದಿನದ ಮಾತ್ರೆ, ಹಿತವಾದ ಊಟ, ಮನೆಯೊಳಗಿನ ನಡಿಗೆ ಇವು ಹಳೆಯ ಕಾಯಿಲೆಯ ಉಪಚಾರವಷ್ಟೇ ಆಗಿರಲಿಲ್ಲ, ಹೊಸ ರೋಗದ ತಡೆಯೂ ಆಗಿದ್ದವು. ವೈರಸ್ಸಿನ ಹೊರಪದರ ಕೊಬ್ಬಿನದು. 20 ಸೆಕೆಂಡು ಸಾಬೂನಿನಿಂದ ಕೈತೊಳೆದರೆ ಅದು ಒಡೆದುಹೋಗುತ್ತದೆ. ಹೀಗೆ ಕಾರಣವನ್ನು ತಿಳಿದವನು ಒಮ್ಮೆ ಚೆನ್ನಾಗಿ ತೊಳೆದು ಸುಮ್ಮನಾಗುತ್ತಾನೆ. ತಿಳಿಯದವನು ಚರ್ಮ ಸುಲಿಯುವಂತೆ ತೊಳೆದೂ ನಡುಗುತ್ತಾನೆ.

2021ರಲ್ಲಿ ಈ ಪಾಠ ಇನ್ನಷ್ಟು ಕಠಿಣವಾಗಿ ಬಂದಿತು. ಮಾರ್ಚ್ 1ರಿಂದ 60 ದಾಟಿದವರಿಗೂ, 45 ದಾಟಿ ಗುರುತಿಸಲ್ಪಟ್ಟ ಕಾಯಿಲೆಗಳಿದ್ದವರಿಗೂ ಲಸಿಕೆ ಆರಂಭವಾಯಿತು. ಸರದಿಯಲ್ಲಿ ಕಾಯಿಲೆಯವರಿಗೇ ಮುಂದಿನ ಸ್ಥಾನವಿದ್ದರೂ, ತಮ್ಮ ದೇಹ ತಾಳಲಾರದೆಂಬ ಅಳುಕಿನಿಂದ ಹಿಂದೆ ಉಳಿದವರನ್ನು ನಾನೇ ಬಲ್ಲೆ. ಮೇ ತಿಂಗಳ ಹೊತ್ತಿಗೆ ಕಪ್ಪು ಶಿಲೀಂಧ್ರದ ಹಾವಳಿ ಹಬ್ಬಿತು. ಹತೋಟಿ ತಪ್ಪಿದ ಸಕ್ಕರೆ, ಅದನ್ನು ಮತ್ತಷ್ಟು ಏರಿಸುವ ಸ್ಟೀರಾಯ್ಡ್ ಔಷಧ ಇವೆರಡೂ ಸೇರಿದ ಕಡೆ ಆ ಶಿಲೀಂಧ್ರ ನೆಲೆಯೂರಿತು. ಎಷ್ಟೋ ಮಂದಿ ಕಣ್ಣು ಕಳೆದುಕೊಂಡರು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ನಮ್ಮ ಸಕ್ಕರೆಗೆ, ಒತ್ತಡಕ್ಕೆ ಅಂಥ ಮುಕ್ತಾಯವಿಲ್ಲ. ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದರೆ ನಾವು ಇದೇ ದೇಹವನ್ನು ಹೊತ್ತು ಅದನ್ನು ಎದುರಿಸಬೇಕು. ಒಂದು ತಿಂಗಳ ಮಾತ್ರೆ ಮನೆಯಲ್ಲಿರಲಿ. ಅವುಗಳ ಹೆಸರನ್ನು ಬರೆದ ಚೀಟಿ ಮನೆಮಂದಿಯ ಕೈಗೆ ಸಿಗುವಂತಿರಲಿ. ಸಂಶಯ ಬಂದಾಗ ಕೇಳಬಲ್ಲ ಒಬ್ಬ ವೈದ್ಯರ ದೂರವಾಣಿ ಸಂಖ್ಯೆ ಗೋಡೆಯ ಮೇಲಿರಲಿ.

ಅಂಜಿಕೆಯನ್ನು ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ನನ್ನಿಂದಲೇ ಅದು ಸಾಧ್ಯವಾಗಿಲ್ಲ. ಅಂಜಿದಾಗ ಒಬ್ಬರೇ ಕುಳಿತು ತೀರ್ಮಾನಿಸಬೇಡಿ, ಕೇಳಿ, ಎಂದಷ್ಟೇ ಹೇಳಬಲ್ಲೆ. ನಮ್ಮ ಮೇಷ್ಟರು ಈಗ ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾರೆ. ಮೊನ್ನೆ ತಮ್ಮ ಮಾತ್ರೆಗಳ ಹೆಸರುಗಳನ್ನು ತಾವೇ ಬರೆದು ನನಗೆ ತೋರಿಸಿದರು.